ಬಿಳಿಗೋಡಿನ ಸರ್ವರ್ ತುಂಬಿಸಿದವರು ಯಾರು

"ಕೇಳಿರಪ್ಪೋ ಕೇಳಿ! ಅರಮನೆಯ ಸರ್ವರಿನಲ್ಲಿ ಜಾಗ ಮುಗಿದಿದೆ. ಒಂದಕ್ಷರವೂ ಹತ್ತುತ್ತಿಲ್ಲ. ಇದರ ಮರ್ಮ ಬಲ್ಲವರು ಆಸ್ಥಾನಕ್ಕೆ ಬರಲಿ. ರಾಣಿ ಹೊನ್ನಲಾದೇವಿಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವರಿಗೆ ಸರ್ವರಿನ ಪಾರುಪತ್ಯ, ಜೊತೆಗೆ ಬೇಡಿದ್ದೊಂದು ವರ. ತಪ್ಪಿದವರಿಗೆ ತಲೆದಂಡ!"

ಬಿಳಿಗೋಡಿನ ಬೀದಿಗಳಲ್ಲಿ ಹೀಗೆ ಡಂಗುರ ಸಾರುತ್ತಿದ್ದಾಗ, ಸರ್ವರ್ ಕೋಣೆಯ ಆಳು ಚೌಡೇಶ ಹೆದರಿ ಕಿಟಕಿ ಮುಚ್ಚಿಕೊಂಡು ಕೂತಿದ್ದ.

ರಾಣಿ ಕ್ರೂರಿಯೇನಲ್ಲ. ಜಾಗ ಮುಗಿದ ಹೊಸತರಲ್ಲಿ ಮಂತ್ರಿಯ ಅಳಿಯನೊಬ್ಬ "ಇದೇನು ಮಹಾ" ಎಂದು ಒಳನುಗ್ಗಿ ಕೈಗೆ ಸಿಕ್ಕಿದ್ದನ್ನೆಲ್ಲ ಅಳಿಸಿದ್ದ. ಹಾಗೆ ಅಳಿಸಿದ್ದರಲ್ಲಿ ನೇಕಾರರ ಕೇರಿಯವರ ಹೆಸರುಗಳೂ ಹೋದವು. ಸರ್ವರಿನಲ್ಲಿ ಹೆಸರಿಲ್ಲದವರಿಗೆ ಆ ನಾಡಿನಲ್ಲಿ ಔಷಧವಿಲ್ಲ, ಕೂಸುಗಳಿಗೆ ಅರಮನೆಯ ಹಾಲಿಲ್ಲ. ಅಳುವ ಕೂಸುಗಳನ್ನು ಕಣ್ಣಾರೆ ಕಂಡ ರಾಣಿ, ಮರ್ಮ ಗೊತ್ತಿಲ್ಲದವರು ಇನ್ನು ಅದನ್ನು ಮುಟ್ಟಕೂಡದು ಎಂದು ಹಟ ಹಿಡಿದಳು; ಒಗಟು, ತಲೆದಂಡ ಎಲ್ಲ ಅದಕ್ಕೇ.

ಚೌಡೇಶನ ಭಯಕ್ಕೆ ಬೇರೆ ಕಾರಣವಿತ್ತು. ಸರ್ವರ್ ತಾನು ಮಾಡುವ ಕೆಲಸಗಳನ್ನು ಲಾಗ್ ಎಂಬ ಕಡತದಲ್ಲಿ ಬರೆದಿಡುತ್ತದೆ. ಯಾವುದೋ ಸಣ್ಣ ದೋಷ ಹುಡುಕಲೆಂದು ಅವನು "ಚೂರೂ ಬಿಡದೆ ಬರೆ" ಎಂದು ಅದಕ್ಕೆ ಅಪ್ಪಣೆ ಕೊಟ್ಟಿದ್ದ. ಹಬ್ಬದ ಗಡಿಬಿಡಿಯಲ್ಲಿ ನಿಲ್ಲಿಸುವುದು ಮರೆತುಹೋಯಿತು. ಬಂದು ನೋಡಿದರೆ ಲಾಗ್ ಮಿತಿಮೀರಿ ಬೆಳೆದಿತ್ತು. ಹೆದರಿ, ಯಾರ ಕಣ್ಣಿಗೂ ಬೀಳುವ ಮೊದಲೇ ಅದನ್ನು ಅಳಿಸಿಬಿಟ್ಟ. ಜಾಗ ಮಾತ್ರ ಮರಳಲಿಲ್ಲ. ಯಾಕೆಂದು ಅವನಿಗೂ ತಿಳಿಯಲಿಲ್ಲ.

ತಬ್ಬಲಿಯಾದ ಅವನನ್ನು ಸಾಕಿ ಕೆಲಸ ಕಲಿಸಿದವನು ಕೋಣೆಯ ಹಿರಿಯ ಕರಿಬಸಜ್ಜ. "ಏನಾದ್ರೂ ಮುಟ್ಟಿದ್ಯೇನೋ ಮಗಾ?" ಎಂದು ಅಜ್ಜ ಕೇಳಿದಾಗ ಚೌಡೇಶ ನೆಲ ನೋಡುತ್ತ, "ಇಲ್ಲಜ್ಜ" ಎಂದಿದ್ದ.

ಆಸ್ಥಾನಕ್ಕೆ ಮೊದಲು ಬಂದವನು ಪಕ್ಕದ ನಾಡಿನ ರಾಜಕುಮಾರ. ರಾಣಿ ಮೊದಲ ಒಗಟು ಕೇಳಿದಳು: "ಜಾಗವಿಲ್ಲ, ಜಾಗವಿಲ್ಲ ಎಂದು ಗೋಳಾಡುತ್ತಾನೆ. ಗೋಳಾಡಿದಷ್ಟೂ ಜಾಗ ನುಂಗುತ್ತಾನೆ. ಯಾರವನು?"

"ಪ್ರಜೆಗಳ ಫೋಟೋಗಳು. ಅಳಿಸಿಬಿಡಿ."

"ಫೋಟೋ ಎಲ್ಲಾದರೂ ಗೋಳಾಡುತ್ತದೆಯೇ?" ಎಂದಳು ರಾಣಿ. ಭಟರು ಅವನನ್ನು ಸೆರೆಮನೆಗೆ ಒಯ್ದರು. ಆಮೇಲೆ ಬಂದ ಯಂತ್ರಗಳ ವ್ಯಾಪಾರಿ "ಶತ್ರುಗಳು ಬಿಟ್ಟ ವೈರಸ್" ಎಂದು ಅದೇ ದಾರಿ ಹಿಡಿದ. ಅಮಾವಾಸ್ಯೆಗೆ ತಪ್ಪಿದವರೆಲ್ಲರ ತಲೆ ಹೋಗುವುದಿತ್ತು. ಚೌಡೇಶ ಕಂಬದ ಮರೆಯಲ್ಲಿ ನಿಂತು ನೋಡುತ್ತಿದ್ದ. ಮುಂದಿನವರು ಯಾರಾದರೂ ಸರಿಯಾಗಿ ಹೇಳುತ್ತಾರೆ ಎಂದುಕೊಂಡ.

ಮುಂದೆ ಬಂದವನು ಕರಿಬಸಜ್ಜ.

"ಗೋಳಾಡುವವನು ಲಾಗ್, ತಾಯಿ. ಜಾಗವಿಲ್ಲ ಅನ್ನೋದನ್ನೂ ಅವನು ಬರೆದಿಡಬೇಕಲ್ಲ, ಅದಕ್ಕೂ ಜಾಗ ಬೇಕು."

ಸಭೆ ತಲೆದೂಗಿತು. ರಾಣಿ ಎರಡನೆಯ ಒಗಟು ಇಟ್ಟಳು: "ಮನೆಯಲ್ಲಿರುವ ಸಾಮಾನನ್ನೆಲ್ಲ ಕೂಡಿ ನೋಡಿದರೆ ಅರ್ಧ ಮನೆ ಖಾಲಿ. ಮನೆಯನ್ನೇ ಕೇಳಿದರೆ, ತುಂಬಿದೆ ಎನ್ನುತ್ತದೆ. ಸುಳ್ಳು ಹೇಳುತ್ತಿರುವವರು ಯಾರು?"

ಅಜ್ಜ ಒಂದೊಂದಾಗಿ ಬಿಡಿಸಿ ಹೇಳಿದ. "ಹೀಗಾಗೋಕೆ ಒಂದು ದಾರಿ ಉಂಟು. ಪ್ರೋಗ್ರಾಂ ಕಡತವನ್ನ ಹಿಡಿದುಕೊಂಡು ಬರೀತಿರುವಾಗಲೇ ಯಾರಾದ್ರೂ ಅದನ್ನ ಅಳಿಸಿದರೆ, ಹೆಸರು ಮಾತ್ರ ಹೋಗ್ತದೆ. ಹಿಡಿದ ಕೈ ಬಿಡೋವರೆಗೂ ಜಾಗ ಬಿಡೋದಿಲ್ಲ. ಆದರೆ ಹಾಗೆ ಯಾರೂ ಅಳಿಸಿಲ್ಲ. ನಮ್ಮ ಹುಡುಗನ್ನ ಕೇಳಿದ್ದೀನಿ, ಅವನು ನನಗೆ ಸುಳ್ಳು ಹೇಳೋನಲ್ಲ. ಹಾಗಾಗಿ ಮನೆಯೇ ಸುಳ್ಳು ಹೇಳ್ತಿದೆ, ತಾಯಿ. ಡಿಸ್ಕ್ ಕೆಟ್ಟಿದೆ."

"ಡಿಸ್ಕನ್ನು ಪರೀಕ್ಷೆ ಮಾಡಿಸಿದ್ದೇನೆ. ಚೆನ್ನಾಗಿಯೇ ಇದೆ," ಎಂದಳು ರಾಣಿ. ಅವಳ ದನಿಯಲ್ಲಿ ನೋವಿತ್ತು. ಭಟರು ಅಜ್ಜನ ತೋಳು ಹಿಡಿದರು.

ಚೌಡೇಶನಿಗೆ ತಾನು ಯಾವಾಗ ಕಂಬ ಬಿಟ್ಟೆ ಎಂಬುದೇ ತಿಳಿಯಲಿಲ್ಲ. ಸಭೆಯ ನಡುವೆ ನಿಂತಿದ್ದ.

"ಅಜ್ಜನನ್ನ ಬಿಡಿ! ಅವರು ಹೇಳಿದ ಮೊದಲ ಮಾತೇ ಸರಿ. ಸುಳ್ಳು ಹೇಳ್ತಿರೋದು ಮನೆಯೂ ಅಲ್ಲ, ಸಾಮಾನೂ ಅಲ್ಲ. ಹೆಸರು ಅಳಿಸಿದ ಲಾಗನ್ನ ಪ್ರೋಗ್ರಾಂ ಇನ್ನೂ ಹಿಡಿದುಕೊಂಡಿದೆ."

"ತಪ್ಪಿದರೆ ನಿನ್ನ ತಲೆಯೂ ಹೋಗುತ್ತದೆ, ಗೊತ್ತಲ್ಲ? ಹಾಗಾದರೆ ಮೂರನೆಯದು ಕೇಳು. ಮನೆ ತುಂಬುವ ಮೊದಲು ಹೊರಗಿನವರು ಒಳಗೆ ಕಾಲಿಟ್ಟಿಲ್ಲ. ಒಳಗಿನವರೆಲ್ಲ ನಾನಲ್ಲ ಎನ್ನುತ್ತಾರೆ. ತುಂಬಿಸಿದವರು ಯಾರು?"

ಚೌಡೇಶ ರಾಣಿಯನ್ನು ನೋಡಲಿಲ್ಲ. ಅಜ್ಜನನ್ನು ನೋಡಿದ.

"ನಾನು. ಲಾಗ್ ಬೆಳೆಸಿದ್ದೂ ನಾನು, ಅಳಿಸಿದ್ದೂ ನಾನು. ಅಜ್ಜ ಕೇಳಿದಾಗ ಇಲ್ಲ ಅಂದೆ."

ಅಜ್ಜನ ಮುಖ ಒಮ್ಮೆಲೇ ಇಳಿದುಹೋಯಿತು. ಆ ಮುಖದೆದುರು ಚೌಡೇಶನಿಗೆ ತಲೆದಂಡವೇ ವಾಸಿ ಎನಿಸಿತು.

ರಾಣಿ ಅವನನ್ನು ನೇರ ಸರ್ವರ್ ಕೋಣೆಗೆ ಕರೆದೊಯ್ದಳು. ಚೌಡೇಶ ಹೆಚ್ಚಿಗೆ ಬರೆಯುವ ಅಪ್ಪಣೆಯನ್ನು ಹಿಂದಕ್ಕೆ ಪಡೆದು, ಲಾಗ್ ಹಿಡಿದಿದ್ದ ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರುಮಾಡಿದ. ಹಿಡಿತ ಸಡಿಲಿತು. ನೋಡುನೋಡುತ್ತಲೇ ಅರ್ಧ ಡಿಸ್ಕ್ ತೆರವಾಯಿತು. ಹೊರಗೆ ಕಾಯುತ್ತಿದ್ದ ಬಾಣಂತಿಯ ಮಗಳ ಹೆಸರು ತಕ್ಷಣ ಹತ್ತಿತು.

"ಉತ್ತರಗಳು ಸರಿ. ಕೊಟ್ಟ ಮಾತು ನಡೆಸಲೇಬೇಕು, ಪಾರುಪತ್ಯ ನಿನ್ನದು. ವರ ಏನು ಬೇಕು?"

"ಅಜ್ಜನನ್ನ, ಸೆರೆಯಲ್ಲಿರೋರನ್ನೆಲ್ಲ ಬಿಟ್ಟುಬಿಡಿ ತಾಯಿ. ಅವರು ನನ್ನ ತಪ್ಪಿಗೆ ಸಿಕ್ಕಿಕೊಂಡೋರು."

ರಾಣಿ ಎಲ್ಲರನ್ನೂ ಬಿಡಿಸಿದಳು. ಪಾರುಪತ್ಯಗಾರನ ಮೊದಲ ಕೆಲಸವನ್ನು ತಾನೇ ಹೇಳಿದಳು: ನೇಕಾರರ ಕೇರಿಗೆ ಹೋಗಿ ಮನೆಮನೆಯಲ್ಲೂ ಕೇಳಿ, ಅಳಿದುಹೋದ ಹೆಸರುಗಳನ್ನು ಹೊಸದಾಗಿ ಹತ್ತಿಸುವುದು.

ಮರುದಿನ ಚೌಡೇಶ ಹೊರಟಾಗ ಅಜ್ಜನೂ ಹಿಂದೆ ಬಂದ. ಮೊದಲ ಮನೆಯ ಹೆಂಗಸು ಮಗ್ಗದಿಂದೆದ್ದು ಕೂಸನ್ನೆತ್ತಿಕೊಂಡು ಬಂದಳು. ಹೆಸರು ಹೇಳಿ, ಅನುಮಾನದಿಂದ ಮುದುಕನತ್ತ ತಿರುಗಿದಳು.

"ಈ ಸಲನಾದ್ರೂ ಉಳೀತದಾ ಅಜ್ಜಾ?"

"ನನ್ನ ಕೇಳಬೇಡಮ್ಮ," ಎಂದ ಕರಿಬಸಜ್ಜ. "ಅವನನ್ನ ಕೇಳು."

ಚೌಡೇಶ ತಲೆಯೆತ್ತಿ ಅವಳ ಮುಖ ನೋಡಿದ.

"ಉಳೀತದಕ್ಕಾ," ಎಂದ. "ಉಳೀದೇ ಹೋದ್ರೆ ನಾನೇ ಬಂದು ಹೇಳ್ತೀನಿ."