ಕೂರದ ಬೆಲ್ಲದ ವ್ಯಾಪಾರಿ

"ಗುರುಗಳೇ, ತುರ್ತು ವಿಷಯವನ್ನು ಸಭೆಯಲ್ಲಿ ಹೇಗೆ ಎತ್ತಬೇಕು?" ಎಂದು ಶಿಷ್ಯ ಕೇಳಿದ. ಅವನು ಹೊಸದಾಗಿ ಶಾಸಕನಾಗಿದ್ದ. ಅಧಿವೇಶನದ ನಡುವೆಯೇ ಗುರುಗಳನ್ನು ಕಾಣಲು ಬಂದಿದ್ದ. "ನಮ್ಮ ಕಡೆಯ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ಡಾಕ್ಟರೇ ಇಲ್ಲ. ಬೆಳಿಗ್ಗೆ ಶೂನ್ಯವೇಳೆಯಲ್ಲಿ ಗಂಟಲು ಹರಿಯುವ ಹಾಗೆ ಕೂಗಿದೆ. ಎಲ್ಲರೂ ಕೂಗುತ್ತಿದ್ದರು. ಮಧ್ಯಾಹ್ನ ಉತ್ತರ ಕೊಡುತ್ತೇನೆ ಎಂದರು ಸಚಿವರು. ಯಾರಿಗೆ ತಾನೇ ಹಾಗೆ ಅನ್ನುವುದಿಲ್ಲ ಅವರು?"

"ಊಟ ಆಯಿತೇ?" ಎಂದರು ಗುರುಗಳು.

"ಆಯಿತು."

"ಹಾಗಾದರೆ ಕೇಳು. ಹಸಿದವರಿಗೆ ಹೇಳುವ ಕತೆಯಲ್ಲ ಇದು."

ಒಂದು ಊರಿನ ಸಭೆಯಲ್ಲಿ ಎರಡು ಕಟ್ಟಳೆಗಳಿದ್ದವು. ತುರ್ತು ವಿಷಯವಿದ್ದವರು ಮೊದಲು ಎದ್ದು ಹೇಳಬಹುದು. ಎಲ್ಲರೂ ಕೂತ ಮೇಲೆಯೇ ಊಟಕ್ಕೆ ಎಲೆ ಹಾಕುವುದು.

ಒಂದು ದಿನ ಸದಸ್ಯರೆಲ್ಲ ಒಟ್ಟಿಗೆ ಎದ್ದರು. ಒಬ್ಬನಿಗೆ ಊರಬಾಗಿಲಿಗೆ ಬಣ್ಣ ಬೇಕು, ಇನ್ನೊಬ್ಬನಿಗೆ ಕುರ್ಚಿಗೆ ಮೆತ್ತೆ ಬೇಕು. ಒಬ್ಬ ಬೆಲ್ಲದ ವ್ಯಾಪಾರಿಯೂ ಎದ್ದ. ಅವನ ಬೀದಿಯ ಬಾವಿಯ ಕಟ್ಟೆ ಕುಸಿದಿತ್ತು. ಮಕ್ಕಳು ಅದರ ಪಕ್ಕದಲ್ಲೇ ಆಡುತ್ತಿದ್ದವು. ಸಭೆಯ ಯಜಮಾನ ಎಲ್ಲರಿಗೂ "ನೋಡೋಣ, ನೋಡೋಣ" ಎಂದ. ತಮ್ಮ ಮಾತು ಆಡಿಯಾಯಿತೆಂದು ಎಲ್ಲರೂ ಖುಷಿಯಾಗಿ ಕೂತರು.

ವ್ಯಾಪಾರಿ ಕೂರಲಿಲ್ಲ. ಆ ಸಭೆಯಲ್ಲಿ ಊಟವೆಂದರೆ ಅವನಷ್ಟು ಪ್ರಾಣ ಬಿಡುವವನು ಬೇರೊಬ್ಬನಿರಲಿಲ್ಲ.

"ಹೇಳಿದ್ದಾಯ್ತಲ್ಲ ಶೆಟ್ರೇ, ಕೂತ್ಕೊಳ್ಳಿ" ಎಂದ ಯಜಮಾನ.

"ನಾನು ಹೇಳಿದ್ದಾಯ್ತು. ನೀವು ಹೇಳೋದು ಬಾಕಿ ಇದೆ, ಯಜಮಾನ್ರೇ."

ಸದಸ್ಯರು ನಕ್ಕರು. ಅಷ್ಟರಲ್ಲಿ ಒಳಗಿನಿಂದ ಹುಳಿಯ ಒಗ್ಗರಣೆಯ ವಾಸನೆ ಬಂತು. ನಗು ನಿಂತಿತು. ಮೊದಲು ವ್ಯಾಪಾರಿಯನ್ನು ಬೈದರು. ಅವನ ಹೊಟ್ಟೆಯೂ ಹಸಿವಿನಿಂದ ಗುರುಗುಟ್ಟುತ್ತಿತ್ತು, ಆದರೂ ಅವನು ಅಲ್ಲಾಡಲಿಲ್ಲ. ಆಮೇಲೆ ಎಲ್ಲರೂ ಯಜಮಾನನ ಕಡೆ ತಿರುಗಿದರು. ಮೆತ್ತೆ ಕೇಳಿದವನಂತೂ, ಮೊದಲು ಬಾವಿಯ ಮಾತು ಮುಗಿಸಿ ಎಂದು ಎಲ್ಲರಿಗಿಂತ ಜೋರಾಗಿ ಕೂಗಿದ. ಯಜಮಾನನಿಗೂ ಹಸಿವು ತಡೆಯಲಾಗಲಿಲ್ಲ. ಗಾರೆ ಕೆಲಸದವರನ್ನು ಕರೆಸಿ, ಸಂಜೆಯೊಳಗೆ ಕಟ್ಟೆ ಏಳಬೇಕೆಂದು ಎಲ್ಲರೆದುರೇ ಹೇಳಿ ಕಳಿಸಿದ. ವ್ಯಾಪಾರಿ ಕೈಮುಗಿದು ಕೂತ. ಎಲೆ ಹಾಕಿದರು. ಅವನು ಮೂರು ಸಲ ಅನ್ನ ಹಾಕಿಸಿಕೊಂಡ.

ಶಿಷ್ಯ ಮನಸಾರೆ ನಕ್ಕ. "ಒಳ್ಳೆಯ ಉಪಾಯ ಗುರುಗಳೇ. ಆದರೆ ನಮ್ಮ ಸಭೆಯಲ್ಲಿ ಅಂಥ ಕಟ್ಟಳೆ ಇಲ್ಲವಲ್ಲ."

ಗುರುಗಳು ಹೊರಗೆ ಇಳಿಯುತ್ತಿದ್ದ ಬಿಸಿಲನ್ನು ನೋಡಿ ಹೇಳಿದರು: "ನಿಮ್ಮ ಸಚಿವರು ಈಗ ಉತ್ತರ ಕೊಡಲು ಎದ್ದಿದ್ದರೆ, ಯಾರ ಮುಖ ನೋಡಿ ಹೇಳಬೇಕಪ್ಪಾ?"