ಡಾಂಬರು ರಸ್ತೆಯ ವಿನಯವಂತ ಅತಿಥಿ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆ ಬೋಳಿಸಿಬಿಡಿ. ಹಿಮಾಲಯದ ಕಣಿವೆಯೊಂದರಲ್ಲಿ ಡಾಂಬರು ರಸ್ತೆಯೊಂದು ನೂರು ವರ್ಷ ಬಾಳುತ್ತೇನೆಂದು ಬೀಗುತ್ತಿತ್ತು. ಮೈಮೇಲೆ ಇದ್ದದ್ದು ಕೂದಲೆಳೆಯಷ್ಟು ಬಿರುಕು, ಅಷ್ಟೇ.

ಚಳಿಗಾಲದ ಸಂಜೆ ನೀರಹನಿಯೊಂದು ಬಂದು, "ಯಜಮಾನರೇ, ಈ ಬಿರುಕಿನಲ್ಲಿ ತಂಗಲೇ?" ಎಂದಿತು.

"ಹದಿನಾರು ಚಕ್ರದ ಲಾರಿಗಳನ್ನೇ ಹೊತ್ತವನಿಗೆ ನೀನೊಂದು ಭಾರವೇನೋ? ಇರು," ಎಂದಿತು ರಸ್ತೆ.

ಕೊರೆವ ಚಳಿಗೆ ಹನಿ ಹೆಪ್ಪುಗಟ್ಟಿ ಉಬ್ಬಿತು. "ಏನಯ್ಯಾ, ಪಕ್ಕೆ ಒತ್ತುತ್ತೀಯಲ್ಲ!" ಎಂದು ರಸ್ತೆ ಗದರಿತು.

"ತಪ್ಪಾಯಿತು. ಬಿಸಿಲು ಬರಲಿ, ಸಣ್ಣಗಾಗುತ್ತೇನೆ."

ಬಿಸಿಲು ಬಂತು, ಹನಿ ಕರಗಿ ಸಣ್ಣಗಾಯಿತು. ಮಾತಿಗೆ ತಪ್ಪದ ಅತಿಥಿ ಎಂದು ರಸ್ತೆಗೆ ಖುಷಿಯೋ ಖುಷಿ. ಅತಿಥಿ ಕುಗ್ಗಿದ್ದು ಅದಕ್ಕೆ ಕಂಡಿತು, ಬಿರುಕು ಹಿಗ್ಗಿದ್ದು ಕಾಣಲಿಲ್ಲ. ಮಿಕ್ಕ ಜಾಗಕ್ಕೆ ಹನಿ ತಮ್ಮನನ್ನು ಕರೆಯಿತು. ಇಬ್ಬರೂ ಉಬ್ಬಿದರು, ತಪ್ಪಾಯಿತೆಂದರು, ಕುಗ್ಗಿದರು. ಚಳಿಗಾಲ ಮುಗಿಯುವಷ್ಟರಲ್ಲಿ ಇಡೀ ಬಂಧುಬಳಗ ಅಡಿಪಾಯದವರೆಗೂ ಇಳಿದಿತ್ತು.

ಆಮೇಲೆ ಬಂದ ಮೊದಲ ಲಾರಿಗೇ ರಸ್ತೆ ಧಡ್ ಎಂದು ಕುಸಿದು ಮೊಣಕಾಲುದ್ದದ ಗುಂಡಿಯಾಯಿತು. "ಲಾರಿ ನನ್ನನ್ನು ಕೊಂದಿತು!" ಎಂದು ಗೋಳಾಡಿತು.

"ಅಯ್ಯೋ, ಎಂಥ ಒರಟು ಜನ!" ಎಂದು ಗುಂಡಿಯೊಳಗಿಂದ ನೀರು ಸಂತೈಸಿತು.

ಚಾಲಕ ಇಳಿದು ನೋಡಿ, "ಛೇ, ಹೀಗಾಗಬಾರದಿತ್ತು," ಎಂದ.

ಈ ಒಂದು ಮಾತು ಮಾತ್ರ ನಾನು ಕಟ್ಟಿದ್ದು. ಅವನು ನಿಜಕ್ಕೂ ಅಂದದ್ದನ್ನು ಬರೆಯುವ ಹಾಗಿಲ್ಲ.