ಗಾಣಿಗರ ಸಂಗಿಯ ಪರೀಕ್ಷೆ

ಹೊಳೆದಂಡೆಯ ಮಠವೊಂದರಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ ಇದ್ದರು. ಗುರುವನ್ನು ಸುತ್ತಲಿನವರೆಲ್ಲ ಅಜ್ಜಾರು ಅನ್ನುತ್ತಿದ್ದರು. ಶಿಷ್ಯನ ಹೆಸರು ರುದ್ರಮುನಿ. ಇಪ್ಪತ್ತೈದರ ಪ್ರಾಯ. ಓದಿದ್ದು ಬಹಳ, ಓದಿದ್ದೇನೆ ಎಂಬ ಅರಿವು ಅದಕ್ಕಿಂತ ಬಹಳ.

ಒಂದು ಬೆಳಿಗ್ಗೆ ಗಾಣಿಗರ ಮುರಿಗೆವ್ವ ತನ್ನ ಐದು ವರ್ಷದ ಮಗಳನ್ನು ಕೈಹಿಡಿದು ಕರೆತಂದಳು.

"ಅಜ್ಜಾರ, ಇಕಿ ಸಂಗಿ. ಜಾಣೇನೋ, ಹುಚ್ಚೇನೋ, ಪರೀಕ್ಷಾ ಮಾಡಿ ಹೇಳ್ರಿ. ನನಗಂತೂ ತಿಳೀವಲ್ದು."

"ಏನ್ ಮಾಡಿದ್ಲು?"

"ನಡು ಕೆಲಸದಾಗ ಗಾಣದ ಎತ್ತು ಬಿಚ್ಚಿಬಿಟ್ಲರಿ."

"ಯಾಕಂತ?"

ಮುರಿಗೆವ್ವನಿಗೆ ಹೇಳಲು ನಾಚಿಕೆಯಾಯಿತು. ಆದರೂ ಹೇಳಿದಳು. ಶ್ರೀಶೈಲಕ್ಕೆ ನಡೆದು ಹೋಗಿ ಬಂದವರನ್ನು ಸಂಗಿ ಹಿಡಿದು ಕೇಳಿದ್ದಳಂತೆ, ಎಷ್ಟು ದಿನ ಹಿಡಿಯಿತು ಎಂದು. ಹನ್ನೆರಡು ದಿನ ಎಂದರಂತೆ. ತಮ್ಮ ಎತ್ತು ಗಾಣದ ಸುತ್ತ ದಿನಕ್ಕೆ ಅರ್ಧ ಹೊತ್ತು ಮಾತ್ರ ನಡೆಯುತ್ತದೆ, ಹಾಗಾಗಿ ಅದಕ್ಕೆ ಇಪ್ಪತ್ತನಾಲ್ಕು ದಿನ ಬೇಕು ಎಂದು ಈಕೆ ಲೆಕ್ಕ ಹಾಕಿದಳಂತೆ.

"ಮೊನ್ನೆ ಎತ್ತು ಶ್ರೀಶೈಲ ಮುಟ್ಟಿತು ಅಂದ್ಲರಿ. ಮುಟ್ಟಿದ ಮ್ಯಾಲೆ ಕುಂದರಬೇಕಲ್ಲ, ಅದಕ್ಕ ಬಿಚ್ಚೀನಿ ಅಂದ್ಲು."

"ಸೋಮವಾರ ಎತ್ತು ಹೂಡಂಗಿಲ್ಲ," ಎಂದಳು ಸಂಗಿ, ತಾಯಿಯ ಸೆರಗಿನ ಹಿಂದಿನಿಂದ. "ಅದನ್ನ ಬಿಟ್ಟು ಎಣಿಸೀನಿ."

ಅಜ್ಜಾರು ನಗಲಿಲ್ಲ. ತಲೆಯಾಡಿಸಿದರು.

ಮುರಿಗೆವ್ವನ ಕಣ್ಣು ತುಂಬಿದವು. "ನಮ್ಮತ್ತಿ ಇಕಿಗೆ ಗಾಳಿ ಸೋಕೈತಿ ಅಂತಾಳ್ರಿ. ಅಮಾಸಿ ದಿನ ಕಾದ ಕಬ್ಬಿಣದ್ಲೆ ಬರೆ ಎಳಸ್ತೀನಿ ಅಂತ ಕುಂತಾಳ. ಕೆಟ್ಟಾಕಿ ಅಲ್ಲರಿ ನಮ್ಮತ್ತಿ, ಹೆದರ್ಯಾಳ. ಅಮಾಸಿಗೆ ಇನ್ನ ನಾಕ ದಿನ ಐತಿ. ನೀವು ಜಾಣಿ ಅಂತ ಒಂದು ಮಾತು ಬರೆದುಕೊಟ್ರ ಯಾರೂ ಮುಟ್ಟಂಗಿಲ್ಲ."

"ಬರೆದುಕೊಟ್ರ ಏನಾಗ್ತೈತಿ, ಗೊತ್ತೈತೇನು?" ಎಂದರು ಅಜ್ಜಾರು.

ಅದೂ ಅವಳಿಗೆ ಗೊತ್ತಿತ್ತು. ಹೊಳೆಯಾಚೆ ಒಂದು ದೊಡ್ಡ ಪಾಠಶಾಲೆ ಇತ್ತು. ಒಮ್ಮೆ ಕೇಳಿದ್ದನ್ನು ಮರೆಯದ ಮಗುವನ್ನು ಏಕಸಂಧಿಗ್ರಾಹಿ ಎನ್ನುತ್ತಾರೆ. ಅಂಥ ಮಗು ಇದೆಯೆಂದು ಮಠ ಓಲೆ ಬರೆದರೆ ಪಾಠಶಾಲೆಯ ದೋಣಿ ಬಂದು ಕರೆದೊಯ್ಯುತ್ತಿತ್ತು. ಹನ್ನೆರಡು ವರ್ಷ ಮನೆಗೆ ಕಳಿಸುತ್ತಿರಲಿಲ್ಲ.

"ಹೌದು ಅಂದ್ರ ದೋಣಿ, ಅಲ್ಲ ಅಂದ್ರ ಕಬ್ಬಿಣ," ಎಂದಳು ಮುರಿಗೆವ್ವ. "ಯಾವುದು ಬೇಡಿಕೊಳ್ಳಲಿ ಅನ್ನೋದೂ ತಿಳೀವಲ್ದು ಅಜ್ಜಾರ."

ಅಜ್ಜಾರು ಶಿಷ್ಯನತ್ತ ತಿರುಗಿದರು. "ರುದ್ರಮುನಿ, ಮೂರು ದಿನ ಈ ಹುಡುಗಿನ್ನ ನೀನ ನೋಡು. ಆಮ್ಯಾಲೆ ಬಂದು ಹೇಳು."

ರುದ್ರಮುನಿಗೆ ಒಳಗೊಳಗೇ ಹಿಗ್ಗು. ಇಂಥ ಕೆಲಸ ತನ್ನನ್ನು ಬಿಟ್ಟು ಇನ್ಯಾರಿಗೆ ಕೊಟ್ಟಾರು ಎಂದುಕೊಂಡ.

ಮೊದಲ ದಿನ ಅವನು ಸಂಗಿಯನ್ನು ಎದುರಿಗೆ ಕೂಡಿಸಿಕೊಂಡು ಹತ್ತು ಶ್ಲೋಕ ಹೇಳಿದ. ಅವಳು ಹೊಳೆಯ ಕಡೆ ನೋಡುತ್ತ ಕೂತಿದ್ದಳು.

"ಈಗ ನೀ ಹೇಳು."

ಹತ್ತನ್ನೂ ಹೇಳಿದಳು. ಅಕ್ಷರ ಬಿಡಲಿಲ್ಲ. ಏಳನೆಯದರ ನಡುವೆ ರುದ್ರಮುನಿ ಕೆಮ್ಮಿದ್ದ. ಅಲ್ಲಿ ಅವಳೂ ಕೆಮ್ಮಿದಳು.

ರುದ್ರಮುನಿ ಓಡಿಬಂದ. "ಅಜ್ಜಾರ, ಏಕಸಂಧಿಗ್ರಾಹಿ! ಸಂಶಯಾನ ಇಲ್ಲ!"

"ಛಲೋ ಆತು. ಹುಡುಗಿ ಉಂಡಾಳೇನು?"

ರುದ್ರಮುನಿ ನಾಲಿಗೆ ಕಚ್ಚಿಕೊಂಡ. ಬೆಳಗಿನಿಂದ ಮಗುವಿಗೆ ನೀರನ್ನೂ ಕೇಳಿರಲಿಲ್ಲ.

ಎರಡನೆಯ ದಿನ ಅವಳಿಗೆ ಮೊದಲು ರೊಟ್ಟಿ ಕೊಟ್ಟು ಆಮೇಲೆ ಲೆಕ್ಕ ಕೇಳಿದ.

"ಹತ್ತಕ್ಕ ಏಳು ಕೂಡಿಸಿದ್ರ ಎಷ್ಟು?"

"ಏನು ಹತ್ತು?"

"ಏನರ ಇರ್ಲಿ."

"ಹತ್ತು ಎತ್ತು, ಏಳು ಎಳ್ಳಿನ ಕಾಳು ಇದ್ರ?"

"ಆದ್ರೂ ಹದಿನೇಳ."

"ಹದಿನೇಳು ಏನು?"

ರುದ್ರಮುನಿ ಇನ್ನೊಂದು ಲೆಕ್ಕ ಕೇಳಿದ. ಸಂಗಿ ಹದಿನೇಳಕ್ಕೇ ಜೋತುಬಿದ್ದಿದ್ದಳು. ಮಧ್ಯಾಹ್ನದವರೆಗೂ ಅವಳ ಬಾಯಿಂದ ಒಂದು ಉತ್ತರ ಹೊರಡಲಿಲ್ಲ. ಆಮೇಲೆ ಕೂತಲ್ಲೇ ತೂಕಡಿಸಿ ನಿದ್ದೆ ಹೋದಳು. ಐದು ವರ್ಷದ ಮಗು, ಪಾಪ.

"ಅಜ್ಜಾರ, ಲೆಕ್ಕದಾಗ ಸೊನ್ನಿ," ಎಂದ ರುದ್ರಮುನಿ. "ಕೇಳಿದ್ದಕ್ಕ ಹೇಳಲಿಲ್ಲ, ತಿರುಗಿ ನನ್ನನ್ನ ಕೇಳಿದ್ಲು."

"ನೀ ಏನ್ ಹೇಳಿದಿ?"

"ನಾ ಯಾಕ ಹೇಳ್ಲಿ? ಪರೀಕ್ಷಾ ಅಕಿದು."

ಅಜ್ಜಾರು "ಹೌದಲ್ಲ" ಎಂದರು. ಅವರು ಹಾಗೆ ಅಂದಾಗಲೆಲ್ಲ ರುದ್ರಮುನಿಗೆ ಕಿರಿಕಿರಿಯಾಗುತ್ತಿತ್ತು.

ಮೂರನೆಯ ದಿನ ಅವನು ತಾಳೆಯೋಲೆ, ಕೊರೆಯುವ ಉಕ್ಕಿನ ಕಡ್ಡಿ ಎರಡನ್ನೂ ಹಿಡಿದುಕೊಂಡೇ ಬಂದ. ಇವತ್ತು ಒಂದು ಇತ್ಯರ್ಥ ಆಗಲೇಬೇಕು ಎಂದುಕೊಂಡಿದ್ದ. ಮತ್ತೆ ಹತ್ತು ಶ್ಲೋಕ ಹೇಳಿದ. ಹೊಸವು.

"ಈಗ ನೀ ಹೇಳು."

ಸಂಗಿ ಅವನ ಕೈ ನೋಡುತ್ತಿದ್ದಳು.

"ಅದೇನು?"

"ಓಲಿ. ನಿನ್ನ ಬಗ್ಗೆ ಇದರಾಗ ಬರೀತೀನಿ."

"ನಾ ಉಸುಕಿನ್ಯಾಗ ಬರದದ್ದು ಅಳಸ್ತೀನಿ. ಇದನ್ನ ಅಳಿಸಾಕ ಬರ್ತೈತೇನು?"

"ಇಲ್ಲ. ಕೊರೆದದ್ದು ಅಳಸಂಗಿಲ್ಲ."

ಸಂಗಿ ಅವನ ಮುಖವನ್ನೊಮ್ಮೆ, ಕಡ್ಡಿಯ ಮೊನೆಯನ್ನೊಮ್ಮೆ ನೋಡಿದಳು. ಆಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ರುದ್ರಮುನಿ ರಮಿಸಿದ. ಬೆಲ್ಲ ತಂದುಕೊಟ್ಟ. ಗದರಿಸಿಯೂ ನೋಡಿದ. ಅವಳು ಕೈ ತೆಗೆಯಲಿಲ್ಲ. ಬೆಲ್ಲ ಅಲ್ಲೇ ಇತ್ತು, ಇರುವೆ ಬಂದವು. ಅವಳ ಕೆನ್ನೆಯ ಮೇಲೆ ನೀರು ಇಳಿಯತೊಡಗಿದಾಗ ಕಡ್ಡಿಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಅದರಿಂದೇನೂ ಪ್ರಯೋಜನವಾಗಲಿಲ್ಲ.

ಸಂಜೆ ಅಜ್ಜಾರ ಮುಂದೆ ಬಂದು ಕುಸಿದು ಕೂತ. ಓಲೆ ಖಾಲಿಯಿತ್ತು.

"ಮೂರು ದಿನದಾಗ ಮೂರು ಹುಡುಗ್ಯಾರನ್ನ ನೋಡಿಧಂಗ ಆತು ಅಜ್ಜಾರ. ಮೊದಲನೆಯಾಕಿ ನನ್ನ ಕೆಮ್ಮನ್ನೂ ಬಿಡಲಿಲ್ಲ. ಎರಡನೆಯಾಕಿಗೆ ಹತ್ತಕ್ಕ ಏಳು ಕೂಡಿಸಾಕ ಬರಲಿಲ್ಲ. ಮೂರನೆಯಾಕಿ ಬಾಯಿನ ಬಿಡಲಿಲ್ಲ. ಯಾರ ಹೆಸರು ಬರೀಲಿ?"

"ನಿನಗ ಏನ್ ಅನ್ನಿಸ್ತೈತಿ?"

"ಜಾಣಿ ಅನ್ನಿಸ್ತೈತಿ. ಅಲ್ಲ ಅಂತಲೂ ಅನ್ನಿಸ್ತೈತಿ. ಜಾಣಿ ಅಂತ ಬರದ್ರ ತಾಯಿಂದ ಅಗಲಿಸಿಧಂಗ. ಬರೀದಿದ್ರ ಬರೆ ಎಳಸಿದ ಪಾಪ. ನನಗ ತಲೀನ ಓಡವಲ್ದು ಅಜ್ಜಾರ. ನೀವ ಹೇಳ್ರಿ."

ಅಜ್ಜಾರು ಓಲೆಯನ್ನು ತೆಗೆದುಕೊಂಡರು. ಹಿಂದೆ ಮುಂದೆ ತಿರುವಿ ನೋಡಿದರು. ಏನೂ ಬರೆಯದೆ ಅದಕ್ಕೆ ದಾರ ಸುತ್ತಿ, ಗಂಟು ಹಾಕಿ, ತಮ್ಮ ಮಗ್ಗುಲಿಗೆ ಇಟ್ಟುಕೊಂಡರು.

"ಮುರಿಗೆವ್ವನ್ನ ಕರಿ."

ಮುರಿಗೆವ್ವ ಬಂದಳು. ಸಂಗಿ ಅವಳ ಹೆಗಲ ಮೇಲಿದ್ದಳು, ಬಾಯಿ ಇನ್ನೂ ಮುಚ್ಚಿಕೊಂಡೇ.

"ಮನ್ಯಾಗ ಹೋಗಿ ಹೇಳವ್ವ. ಮಠದ ಪರೀಕ್ಷಾ ಇನ್ನೂ ಮುಗಿದಿಲ್ಲ ಅನ್ನು. ಮುಗಿಯೋತನಕ ಈ ಹುಡುಗಿ ಮೈಗೆ ಬೆಂಕಿ ತಾಗಬಾರದು. ದೋಣಿನೂ ಹತ್ತಿಸಬಾರದು. ದಿನಾ ಹೊತ್ತೇರೂದ್ರಾಗ ಇಲ್ಲಿಗೆ ಬರಬೇಕು, ಹೊತ್ತು ಮುಳುಗೂದ್ರಾಗ ನಿನ್ನ ಹತ್ರ ಬಂದು ಮಲಗಬೇಕು."

"ನಮ್ಮತ್ತಿ ಕೇಳದಿದ್ರ?"

"ನಾನ ಬಂದು ನಿಮ್ಮ ಗಾಣದ ಮುಂದ ಕೂಡ್ತೀನಿ. ಎಷ್ಟು ದಿನ ಕೂಡಿಸ್ಕೊಂತಾಳ, ಕೂಡಿಸ್ಕೊಳ್ಳಿ."

ಮುರಿಗೆವ್ವ ಅಳುತ್ತಳುತ್ತಲೇ ನಕ್ಕಳು. ಆದರೆ ಏಳಲಿಲ್ಲ.

"ಅಜ್ಜಾರ, ನನ್ನ ಮಗಳು ಜಾಣೇನೋ ಅಲ್ಲೋ, ಅದನ್ನ ಹೇಳಲಿಲ್ಲ."

"ನಿನಗ ಹೆಂಗ ಕಾಣ್ತಾಳ?"

"ಜೀವಾ ತಿಂತಾಳ್ರಿ," ಎಂದಳು ಮುರಿಗೆವ್ವ. "ಮುಂಜಾನಿಂದ ಕೇಳಾಕ ಸುರು ಮಾಡ್ತಾಳ. ಅಕಿ ಕೇಳಿದ್ದು ನನಗ ಗೊತ್ತಿರಂಗಿಲ್ಲ. ಬೈದುಬಿಡ್ತೀನಿ. ಬೈದ ಮ್ಯಾಲೆ ಒಳಗ ಹೋಗಿ ಅಳ್ತೀನಿ."

"ನಾಳಿಂದ ಇವನ್ನ ಕೇಳ್ತಾಳ," ಎಂದು ಅಜ್ಜಾರು ರುದ್ರಮುನಿಯನ್ನು ತೋರಿಸಿದರು.

ಸಂಗಿ ಬಾಯಿಂದ ಒಂದು ಕೈ ತೆಗೆದಳು. ರುದ್ರಮುನಿಯ ಕೈ ಖಾಲಿ ಇದೆಯೇ ಎಂದು ನೋಡಿದಳು. ಇನ್ನೊಂದು ಕೈಯನ್ನೂ ತೆಗೆದಳು.

"ಹದಿನೇಳು ಏನು?" ಎಂದಳು.

ರುದ್ರಮುನಿ ಗುರುವಿನ ಕಡೆ ನೋಡಿದ. ಗುರು ಹೊಳೆಯ ಕಡೆ ನೋಡುತ್ತಿದ್ದರು.

"ನನಗ ಗೊತ್ತಿಲ್ಲವ್ವ," ಎಂದ ಅವನು. ಹೇಳುವಾಗ ಕಿವಿ ಬಿಸಿಯಾದವು. "ನಾಳೆ ಬಾ. ಇಬ್ರೂ ನೋಡೂಣು."

ತಾಯಿ ಮಗಳು ಹೋದರು. ದಾರಿಯುದ್ದಕ್ಕೂ ಸಂಗಿಯ ಮಾತು ಕೇಳುತ್ತಲೇ ಇತ್ತು. ಮುರಿಗೆವ್ವನ ಬೈಗುಳ ಮಾತ್ರ ಕೇಳಲಿಲ್ಲ.

ರುದ್ರಮುನಿಗೆ ಸಮಾಧಾನವಾಗಿತ್ತು, ಸ್ವಲ್ಪ ಸಿಟ್ಟೂ ಇತ್ತು.

"ಹಿಂಗ ಎಷ್ಟು ದಿನ ಅಜ್ಜಾರ?"

"ಎಷ್ಟು ಬೇಕೋ ಅಷ್ಟು."

"ಪರೀಕ್ಷಾ ಅಂದ್ಮ್ಯಾಲೆ ಒಂದು ಕೊನಿ ಅಂತ ಇರಬೇಕಲ್ಲ? ನಾನೂ ಐದು ವರ್ಷದಾಂವ ಇದ್ದಾಗ ಇಲ್ಲಿಗೆ ಬಂದೆ. ನೀವ ಕೇಳಿದ್ರಿ, ನಾ ನೂರು ಶ್ಲೋಕ ಒಪ್ಪಿಸಿದೆ. ನನ್ನ ಪರೀಕ್ಷಾ ಒಂದ ಮಧ್ಯಾಹ್ನದಾಗ ಮುಗೀತು."

ಅಜ್ಜಾರು ಎದ್ದು ಕೋಲು ತೆಗೆದುಕೊಂಡರು. ಒಳಗೆ ಹೋಗುತ್ತ ಬಾಗಿಲಲ್ಲಿ ನಿಂತು ತಿರುಗಿ ನೋಡಿದರು.

"ಮುಗೀತು ಅಂತ ನಿನಗ ಯಾರು ಹೇಳಿದ್ರು?"